ಗಡಿಯಾರ ಕಟ್ಟಿದ ಕೈ

ಹೆಂಡತಿಯ ಕೈ ಮೇಲೆದ್ದದ್ದನ್ನು ಡ್ರೈವರ್ ಯೋಗ ತರಗತಿಯ ಕನ್ನಡಿಯಲ್ಲಿ ಕಂಡರು. ಪಕ್ಕದ ಕುರ್ಚಿಯ ಮುದುಕಿಯ ಕೂದಲಿನಿಂದ ಕ್ಲಿಪ್ ಜಾರುತ್ತಿತ್ತು. ಆ ಕೈ ಸಲೀಸಾಗಿ ಹೋಗಿ ಅದನ್ನು ಒತ್ತಿ ಕೂರಿಸಿ, ಏನೂ ಆಗದ ಹಾಗೆ ಮಡಿಲಿಗೆ ವಾಪಸಾಯಿತು. ಮಣಿಕಟ್ಟಿನಲ್ಲಿ ಗಡಿಯಾರ ಮಿಂಚಿತು. ಗಡಿಯಾರ ಇರುವುದು ಎಡಗೈಯಲ್ಲಿ. ಕಳೆದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಒಂದು ಚಮಚವನ್ನೂ ಎತ್ತದ ಎಡಗೈ ಅದು.

ಹಾಲ್ ಒಂದೇ, ತರಗತಿ ಎರಡು. ಮುಂದೆ ನೆಲದ ಮೇಲೆ ಬೆನ್ನುನೋವಿನವರು. ಹಿಂದೆ ಕುರ್ಚಿಗಳಲ್ಲಿ ವಯಸ್ಸಾದವರು, ಕೈಕಾಲು ಸ್ವಾಧೀನ ತಪ್ಪಿದವರು. ಇವರಿಗಿಂತ ಮುಂಚೆ ಇಲ್ಲಿ ಮಕ್ಕಳು ಕಪ್ಪೆಗಳಂತೆ ಕುಪ್ಪಳಿಸಿ ಹೋಗಿರುತ್ತಾರೆ. ಇವರಾದ ಮೇಲೆ ಗರ್ಭಿಣಿಯರು ದಿಂಬು ಹಿಡಿದು ಬರುತ್ತಾರೆ. ಯಾವ ದೇಹಕ್ಕೆ ಯಾವ ತರಗತಿ ಎಂದು ತೀರ್ಮಾನಿಸುವವಳು ಟೀಚರ್, ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಕುರ್ಚಿ ಮೇಲೆ ಕೂರೋದೇ ಯೋಗವಾದರೆ ಬಸ್ಸು ಓಡಿಸುತ್ತಾ ನಾನು ಜೀವಮಾನವಿಡೀ ಮಾಡಿದ್ದು ಅದನ್ನೇ ಎಂದು ಡ್ರೈವರ್ ಮೊದಲ ದಿನ ನಗೆಯಾಡಿದ್ದರು.

"ಅದಕ್ಕೇ ಸರ್ ನಿಮ್ಮ ಬೆನ್ನು ಹೀಗಾಗಿರೋದು. ನೀವು ಕೆಳಗೆ ಬನ್ನಿ, ಆಂಟಿ ಕುರ್ಚೀಲಿರ್ಲಿ" ಎಂದು ಅವಳು ಇಬ್ಬರನ್ನೂ ಬೇರ್ಪಡಿಸಿದ್ದಳು. ಡ್ರೈವರ್ ಗೊಣಗುತ್ತಲೇ ಮುಂದೆ ಬಂದಿದ್ದರು. ಎದುರು ಗೋಡೆಯ ತುಂಬ ಕನ್ನಡಿ ಇದ್ದದ್ದೊಂದು ಸಮಾಧಾನ. ಮುಂದೆ ಕೂತು ಹಿಂದಿನವರನ್ನು ಕಾಯುವುದು ಅವರಿಗೆ ಹೊಸದಲ್ಲ.

ಆದರೆ ಈಗ ಕಂಡದ್ದೇನು? ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಹಾಗಾದರೆ ಎದ್ದದ್ದು ಬಲಗೈ ಇರಬೇಕು. ಮತ್ತೆ ಗಡಿಯಾರ? ಬೆಳಿಗ್ಗೆ ಅದನ್ನು ಕಟ್ಟಿದವರು ತಾವೇ. ಕೈ ತಪ್ಪಿ ಬಲಕ್ಕೆ ಕಟ್ಟಿಬಿಟ್ಟೆನೋ? ಕನ್ನಡಿ ನಂಬಿ ಅಷ್ಟುದ್ದದ ಬಸ್ಸನ್ನು ಇಕ್ಕಟ್ಟು ಗಲ್ಲಿಗಳಲ್ಲಿ ಹಿಂದಕ್ಕೆ ತೆಗೆದವರಿಗೆ ಈಗ ಎಡ ಯಾವುದು, ಬಲ ಯಾವುದು ಎಂಬುದೇ ಗೋಜಲಾಯಿತು. ಕತ್ತು ತಿರುಗಿಸಿದರು. ಬೆನ್ನು ಚಳಕ್ಕೆಂದಿತು. ಅಷ್ಟರಲ್ಲಿ ಎರಡು ಕೈಯೂ ಮಡಿಲಲ್ಲಿದ್ದವು.

ತರಗತಿ ಮುಗಿದು ಹೊರಗೆ ಬಂದಾಗ ಮೊದಲು ನೋಡಿದ್ದು ಮಣಿಕಟ್ಟನ್ನು. ಗಡಿಯಾರ ಎಡಗೈಯಲ್ಲೇ ಇತ್ತು. ರಸ್ತೆ ದಾಟಿದ ಮೇಲೆ, ಎಂದಿನಂತೆ ಆ ಕೈಯನ್ನು ಹಿಡಿದುಕೊಂಡೇ, ಗಂಟೆ ಎಷ್ಟಾಯ್ತು ನೋಡು ಎಂದರು.

"ಕೈ ಎತ್ತಿ ತೋರಿಸದೆ ಹೇಗೆ ನೋಡ್ಲಿ? ಒಳ್ಳೇ ತಮಾಷೆ ನಿಮ್ದು" ಎಂದಳು ಹೆಂಡತಿ.

ಅವರು ಎತ್ತಿ ತೋರಿಸಿದರು. ಕೈ ಒದ್ದೆ ಬಟ್ಟೆಯಷ್ಟು ಭಾರವಾಗಿತ್ತು.

ಆ ದಿನವೆಲ್ಲ ಅವರಿಗೆ ತಲೆಬುಡ ತಿಳಿಯಲಿಲ್ಲ. ಗುಂಡಿ ಹಾಕಿದ್ದು, ರೊಟ್ಟಿ ಮುರಿದುಕೊಟ್ಟದ್ದು, ಈ ವಯಸ್ಸಿನಲ್ಲಿ ಜಡೆ ಹೆಣೆಯಲು ಕಲಿತದ್ದು, ಎಲ್ಲ ಕಣ್ಣಮುಂದೆ ಬಂದು ಸಿಟ್ಟು ನೆತ್ತಿಗೇರುತ್ತಿತ್ತು. ನನ್ನ ಹತ್ತಿರವೇ ನಾಟಕವೇ? ಮರುಕ್ಷಣ, ಕಂಡದ್ದು ಭ್ರಮೆಯಾಗಿದ್ದರೆ ಪಾಪದವಳನ್ನು ಅನುಮಾನಿಸಿದೆನಲ್ಲ ಎಂದು ಮನಸ್ಸು ಕುಗ್ಗುತ್ತಿತ್ತು. ಅವಳನ್ನೇ ಕೇಳಿಬಿಟ್ಟರೆ ಮುಗಿಯಿತು. ಕೇಳಿ, ಹೌದು ಎಂದುಬಿಟ್ಟರೆ? ಹೌದೆಂದ ಮೇಲೆ ಬೆಳಿಗ್ಗೆ ಎದ್ದು ತಾನು ಮಾಡುವುದಾದರೂ ಏನು?

ಮರುದಿನ ಬೆಳಿಗ್ಗೆ ಅವಳ ಬೆನ್ನ ಹಿಂದೆ ಕೂತು ಮಾತಿಲ್ಲದೆ ಸಿಕ್ಕು ಬಿಡಿಸಿದರು. ಕೆಲಸದಲ್ಲಿದ್ದಷ್ಟು ಕಾಲ ಬೆಳಕು ಹರಿಯುವ ಮೊದಲೇ ಮನೆ ಬಿಟ್ಟವರು ಅವರು. ನಿವೃತ್ತಿಯಾದ ಮೇಲೂ ಪೇಪರಿನ ಹಿಂದೆ ಮುಖ ಮರೆಸಿ ಕೂರುತ್ತಿದ್ದರು. ಕೈಗೆ ಕೆಲಸವಿದ್ದರೆ ಮಾತ್ರ ಅವರ ನಾಲಿಗೆ ಸಡಿಲವಾಗುವುದು; ಬಾಚಣಿಗೆ ಕೈಗೆ ಬಂದ ಮೇಲೇ ಬಸ್ಸಿನ ಕಥೆಗಳೆಲ್ಲ ಒಂದೊಂದಾಗಿ ಹೊರಬಿದ್ದದ್ದು.

"ಆ ಮೇಕೆ ಬಸ್ಸು ಹತ್ತಿತ್ತಲ್ಲ, ಇಳೀತೋ ಇಲ್ವೋ?" ಹೆಂಡತಿ ಕೇಳಿದಳು. "ನಿಮ್ಮ ಜೊತೆ ಸಂಸಾರ ಮಾಡಿ ಇಷ್ಟು ವರ್ಷವಾಯ್ತು. ಮೇಕೆ ಕಥೆ ನನಗೆ ಗೊತ್ತಾಗೋಕೆ ಕೈ ಬೀಳಬೇಕಾಯ್ತು ನೋಡಿ" ಎಂದಳು.

ಡ್ರೈವರರ ಬೆರಳು ಕೂದಲಲ್ಲೇ ನಿಂತವು. ಕೆಲಸ ಕಲಿಸಿದ ಹಿರಿಯ ಡ್ರೈವರ್ ಹೇಳಿದ್ದ ಮಾತೊಂದು ಯಾಕೋ ನೆನಪಾಯಿತು: ಹಿಂದಿನ ಸೀಟು ಅಂದ್ರೆ ಅವರವರ ಮನೆ ಇದ್ದ ಹಾಗೆ, ಕನ್ನಡೀಲಿ ಕಂಡದ್ದನ್ನ ಬಾಯಿಗೆ ತರಬಾರದು. ಕಥೆಯ ಮೇಕೆಯನ್ನು ಬಸ್ಸಿನಿಂದ ಇಳಿಸಿ ಮುಗಿಸುವಷ್ಟರಲ್ಲಿ ಜಡೆ ಎಂದಿಗಿಂತ ಸೊಟ್ಟಗಾಗಿತ್ತು.

ಮುಂದಿನ ತರಗತಿಯಲ್ಲಿ ಟೀಚರ್ ನೇರ ಅವರ ಚಾಪೆಯ ಹತ್ತಿರ ಬಂದು, ಕುರ್ಚಿಗಳಿಗೆ ಬೆನ್ನು ಹಾಕಿ, ಅವರ ಮುಖವನ್ನೇ ನೋಡುತ್ತಾ ಕೂತಳು. ಕೈ ಚೇತರಿಸಿಕೊಂಡವರಿಗೆ ಬೇರೊಂದು ತರಗತಿ ಇದೆಯಂತೆ. ಗುಂಡಿ, ಜಡೆ, ಊಟ ಎಲ್ಲವನ್ನೂ ತಾವೇ ಮಾಡಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರಂತೆ.

"ಆಂಟಿ ನನ್ನ ಮುಂದೆ ಎತ್ತಲ್ಲ. ಮನೇಲಿ ಯಾವತ್ತಾದ್ರೂ ಎಡಗೈ ಎತ್ತಿದ್ದನ್ನ ನೋಡಿದೀರಾ ಸರ್? ಎತ್ತೋದಾದ್ರೆ ನಾಳೆಯಿಂದಲೇ ಅಲ್ಲಿಗೆ ಹಾಕ್ತೀನಿ."

ಡ್ರೈವರ್ ತಲೆಯೆತ್ತಿ ಕನ್ನಡಿ ನೋಡಿದರು. ಹಿಂದೆ, ಕುರ್ಚಿಯಲ್ಲಿ, ಹೆಂಡತಿ ಅವರನ್ನೇ ದಿಟ್ಟಿಸುತ್ತಿದ್ದಳು. ನೋಡುತ್ತಿದ್ದಂತೆಯೇ ಗಡಿಯಾರ ಕಟ್ಟಿದ ಕೈ ನಿಧಾನವಾಗಿ ಮೇಲೆದ್ದು, ಹೆಗಲ ಹಿಂದೆ ಹೋಗಿ, ಸೊಟ್ಟ ಜಡೆಯನ್ನು ಎದೆಯ ಮೇಲಕ್ಕೆ ತಂದು ಇಟ್ಟುಕೊಂಡಿತು.

"ನಾನಂತೂ ನೋಡಿಲ್ಲಮ್ಮ" ಎಂದರು ಡ್ರೈವರ್, ಕನ್ನಡಿಯಿಂದ ಕಣ್ಣು ಕೀಳದೆ.