ಕುದುರೆಯ ಹೊಸ ಪುಡಿ

ಕುದುರೆಯ ಓಟ ಹೆಚ್ಚಿಸುತ್ತದೆಂದು ವ್ಯಾಪಾರಿಯೊಬ್ಬ ಕೊಟ್ಟ ಪುಡಿಯ ಪೊಟ್ಟಣವನ್ನು ದೇಸಾಯರು ಕುದುರೆ ನೋಡಿಕೊಳ್ಳುವ ಮಾಬುಸಾಬನ ಮುಂದೆ ಎಸೆದರು.

"ಗೊತ್ತಿಲ್ಲದ್ದು ಹಾಕೂದು ಬ್ಯಾಡ್ರಿ ಧಣ್ಯಾರ. ಕುದ್ರಿ ಹೊಟ್ಟಿ ಭಾಳ ನಾಜೂಕು. ಡಾಕ್ಟರಿಗೆ ಒಂದ್ಮಾತು ಕೇಳೂಣ್ರಿ."

"ಲದ್ದಿ ಬಳಿಯಾಂವ ನನಗ ಬುದ್ಧಿ ಹೇಳ್ತಿಯೇನಲೇ? ಅಷ್ಟು ಅಂಜಿಕಿ ಇದ್ರ ಮೊದ್ಲು ನೀ ತಿಂದು ನೋಡು. ನಿನಗೇನೂ ಆಗಲಿಲ್ಲಂದ್ರ ನಾಳೆ ಅದಕ್ಕ ಹಾಕು."

ಮಾಬುಸಾಬ ಕುದುರೆಯ ಮುಖ ನೋಡಿದ. ಒಂದು ಹಿಡಿ ಪುಡಿಯನ್ನು ನೀರಲ್ಲಿ ಕಲಸಿ ನುಂಗಿದ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಅಳುತ್ತಾ ಬಂದಳು. "ವಾಂತಿ ನಿಲ್ಲವಲ್ತು ಧಣ್ಯಾರ, ಜೀವ ಹೋಗಾಕತ್ತೈತಿ. ದವಾಖಾನಿಗೆ ಒಯ್ಯಾಕ ನಿಮ್ಮ ಗಾಡಿ ಕೊಡ್ರಿ."

ದೇಸಾಯರು ಗಾಬರಿಯಿಂದ ಎದ್ದು ಬರಿಗಾಲಲ್ಲೇ ಓಡಿದರು. ಲಾಯಕ್ಕೆ ನುಗ್ಗಿ ಕುದುರೆಯ ಹೊಟ್ಟೆ ಸವರುತ್ತಾ, ಹಿಂದೆಯೇ ಓಡಿಬಂದ ಅವಳನ್ನು ಕೇಳಿದರು: "ಇದಕ್ಕೇನೂ ತಿನಿಸಿಲ್ಲ ಹೌದಿಲ್ಲೋ ಅಂವ?"