ಹೂವಿನ ನೈಟಿ

ಸತ್ತವರು ಹಾಡಹಗಲೇ ಕಚೇರಿಗೆ ಬಂದು ತಮ್ಮ ಕಥೆ ಹೇಳುವ ಕಾಲವಿದು. ನಮ್ಮ ದೆವ್ವದ ಕಾಮಿಕ್ಸ್ ಮಾಲಿಕೆಗೆ ನಾನು ಸಂಪಾದಕಿ. ಗಂಡ ಸುಟ್ಟು ಕೊಂದ ಫಕೀರವ್ವ ತನ್ನ ಕಥೆಯ ಮುಖಪುಟ ನೋಡಿದಳು.

"ಬಿಳಿ ಸೀರಿ ಯಾಕ್ರೀ ಅಕ್ಕಾರ? ಅವತ್ತ ಹೂವಿನ ನೈಟಿ ಹಾಕ್ಕೊಂಡಿದ್ದೆ. ಕಡ್ಡಿ ಗೀರಿದಾಂವ ಎಲ್ಲಿ?"

ಪ್ರಕಾಶನದ ಮಾಲೀಕರು ನಕ್ಕರು. "ಗಂಡನ್ನ ನೋಡಿ ಯಾರ್ ಹೆದರ್ತಾರ್ರೀ ಮೇಡಂ? ದೆವ್ವಾನ ಇರ್ಲಿ."

ಮರುದಿನ ಕಚೇರಿಯ ಬಾಗಿಲ ಮೇಲೆ ಅವರೇ ಸುಣ್ಣದಲ್ಲಿ ಬರೆದಿದ್ದರು: ನಾಳೆ ಬಾ. ಹಾಗೆ ಬರೆದರೆ ದೆವ್ವ ಹೊಸ್ತಿಲು ದಾಟುವುದಿಲ್ಲ. ಫಕೀರವ್ವ ಅದನ್ನು ಓದಿ ತಲೆ ತಗ್ಗಿಸಿ ಹೊರಟಿದ್ದಳು.

ನನ್ನ ಮೈ ಉರಿಯಿತು. ಅವಳು ಬದುಕಿದ್ದಾಗ ತವರಿನಲ್ಲೂ ಠಾಣೆಯಲ್ಲೂ ಇದನ್ನೇ ಹೇಳಿ ಕಳಿಸಿದ್ದರು. ಸೆರಗಿನಿಂದ ಸುಣ್ಣ ಒರೆಸಿ, ಮುಖಪುಟ ತಿದ್ದಲು ಪೆನ್ಸಿಲ್ ಹಿಡಿದು ಕರೆದೆ.

"ಒಳಗ ಬಾ ಫಕೀರವ್ವ. ಕಡ್ಡಿ ಗೀರಿದಾಂವನ ಮುಖ ಹ್ಯಾಂಗಿತ್ತು, ಹೇಳು."