ಬಾಯಿಗೆ ಬಾರದ ಹೆಸರು

"ಖರೇ ಹೆಸರು ಹೇಳ್ರಿ," ಎಂದರು ಸಬ್‌ಇನ್‌ಸ್ಪೆಕ್ಟರ್ ಮಹಾಲಿಂಗಪ್ಪ, ಮತ್ತೊಮ್ಮೆ.

"ಜಯಸಿಂಹ. ಆಗ್ಲೇ ಹೇಳಿದ್ನಲ್ಲ. ಬಾದಾಮಿ ಚಾಲುಕ್ಯರ ಮೊದಲನೇ ದೊರೆ ಹೆಸರು. ಕಲ್ಯಾಣದ ಚಾಲುಕ್ಯರಲ್ಲೂ ಇದ್ದಾನೆ, ಗುಜರಾತಲ್ಲೂ ಇದ್ದಾನೆ, ಕಾಶ್ಮೀರದಲ್ಲೂ..."

ಮಹಾಲಿಂಗಪ್ಪ ಪೇದೆಯ ಮುಖ ನೋಡಿ ತಲೆಯಾಡಿಸಿದರು. ಅವರ ಅನುಮಾನ ಇನ್ನಷ್ಟು ಗಟ್ಟಿಯಾಗಿತ್ತು.

ಆಗಿದ್ದಿಷ್ಟು. ಹೆಬ್ಬಾಳ ಕೆರೆಯ ಆಚೆ ಒಂದೇ ಸೈಟನ್ನು ನಾಲ್ಕು ಜನಕ್ಕೆ ಮಾರಿ ಒಬ್ಬ ಪರಾರಿಯಾಗಿದ್ದ. ಬೋಳುತಲೆ, ಕರಿಕೋಟು, ಕೈಯಲ್ಲಿ ಛತ್ರಿ. ಎಪ್ಪತ್ತೆಂಟರ ಬೆಂಗಳೂರಿನಲ್ಲಿ ಈ ಗುರುತಿಗೆ ಬೀದಿಗೊಬ್ಬರು ಸಿಗುತ್ತಿದ್ದರು. ಆದರೆ ಆ ಕಳ್ಳನಿಗೊಂದು ಚಾಳಿ: ಹೋದಲ್ಲೆಲ್ಲ ರಾಜಮಹಾರಾಜರ ಹೆಸರು ಹೇಳಿಕೊಳ್ಳುತ್ತಿದ್ದ. ಒಬ್ಬರಿಗೆ ಪುಲಿಕೇಶಿ, ಇನ್ನೊಬ್ಬರಿಗೆ ವಿಕ್ರಮಾದಿತ್ಯ. ಶನಿವಾರ ಸಂಜೆ ಬಸ್‌ಸ್ಟಾಪಿನಲ್ಲಿ ಪೇದೆ ತಡೆದು ಹೆಸರು ಕೇಳಿದಾಗ, ಬೇರೆಯವರಾಗಿದ್ದರೆ ಹೆಸರು ಹೇಳಿ ಮನೆಗೆ ಹೋಗುತ್ತಿದ್ದರು. ಜಯಸಿಂಹ ವಂಶಾವಳಿ ಹೇಳಿದರು.

ಹೇಳದೆ ಇರುವುದು ಅವರ ಜಾಯಮಾನವಲ್ಲ. ಆರ್.ಟಿ. ನಗರದ ಮನೆಯಲ್ಲಿ ದಿನಾ ಊಟಕ್ಕೆ ಕೂತಾಗ ಹೆಂಡತಿ ಕೃಷ್ಣವೇಣಿಗೆ ಇದೇ ಪಾಠ. ಶಿವಾಜಿಯನ್ನು ಒಪ್ಪಂದಕ್ಕೆ ಕೂರಿಸಿದವನು ಜಯಸಿಂಹ, ಜೈಪುರ ಕಟ್ಟಿದವನು ಜಯಸಿಂಹ. ಆ ಮಹಾಪುರುಷರ ಸಾಲಿನ ಕೊನೆಯಲ್ಲಿ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದ ಹೆಡ್ ಕ್ಲರ್ಕ್ ಜಯಸಿಂಹ. ಬೀದಿ ಮೂಲೆಯ ಆಟೋ ಡ್ರೈವರಿಗೂ ಅದೇ ಹೆಸರೆಂದು ತಿಳಿದ ದಿನ ಅವರಿಗೆ ಅನ್ನ ಇಳಿದಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವನು ಬರೀ ಆಟೋದವನು.

ಕೃಷ್ಣವೇಣಿ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು. ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ಆಡಿದರೆ ಗಂಡನ ಆಯುಸ್ಸು ಸವೆಯುತ್ತದೆಂದು ಮದುವೆಯ ಹೊಸದರಲ್ಲಿ ಅವರೇ ತಾಕೀತು ಮಾಡಿದ್ದರು. ಇಂಥ ಹೆಂಡತಿ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ಆಫೀಸಿನಲ್ಲಿ ಬೀಗುತ್ತಿದ್ದರು.

ಮಾರನೆಯ ದಿನ ಭಾನುವಾರ ಹುಣಸಮಾರನಹಳ್ಳಿಯಲ್ಲಿ ಅವಳ ಅಣ್ಣ ಶೇಷಗಿರಿಯ ಮಗಳ ಮದುವೆ. ಹೋಗಕೂಡದೆಂದು ಜಯಸಿಂಹರ ಅಪ್ಪಣೆಯಾಗಿತ್ತು. ಯಾಕೆಂದರೆ ಶೇಷಗಿರಿ ಹೋದ ವರ್ಷ ಸತ್ಯನಾರಾಯಣ ಪೂಜೆಗೆ ಕೂಡಿದ್ದ ಜನರೆದುರು "ಬಾರಯ್ಯ ಜಯಣ್ಣ" ಎಂದು ಕರೆದುಬಿಟ್ಟಿದ್ದ. ಚಾಲುಕ್ಯರ ಹೆಸರಿಗೆ ಆದ ಆ ಅವಮಾನವನ್ನು ಅವರು ಮರೆತಿರಲಿಲ್ಲ. ತಾನು ಎತ್ತಿ ಆಡಿಸಿದ ಹುಡುಗಿ, ಧಾರೆಯ ಹೊತ್ತಿಗಾದರೂ ಹೋಗಿಬರುತ್ತೇನೆಂದು ಕೃಷ್ಣವೇಣಿ ಬೇಡಿಕೊಂಡಳು, ಅತ್ತಳು, ಆಮೇಲೆ ಸುಮ್ಮನಾದಳು. ಬುದ್ಧಿ ಬಂತೆಂದು ಜಯಸಿಂಹ ನೆಮ್ಮದಿಯಾಗಿದ್ದರು.

"ನಿಮ್ಮ ಹೆಂಡ್ತೀನ ಕರಸ್ತೀನಿ," ಎಂದರು ಮಹಾಲಿಂಗಪ್ಪ. "ನೀವು ಒಳಗ ಕುಂದರ್ರಿ. ನೀವು ಹೇಳಿದ ಹೆಸರು, ಆಕಿ ಹೇಳೋ ಹೆಸರು ಒಂದಾತಂದ್ರ ಮನೀಗೆ ಹೋಗ್ರಿ. ಮಂದೀ ಸಾಕ್ಷಿ ನಾ ನಂಬಾಂಗಿಲ್ಲ. ಹೋದ ಸಲ ಬ್ಯಾರೆ ಒಬ್ಬ ಕಳ್ಳನ ಪರವಾಗಿ ಬಂದಾವ ಅವನ ಪಾಲುದಾರನೇ ಇದ್ದ."

ಜಯಸಿಂಹರಿಗೆ ಹೋದ ಜೀವ ಬಂದಂತಾಯಿತು. ಪೇದೆ ಹೊರಟುಹೋದ ಮೇಲೆ ಅವರಿಗೆ ತಮ್ಮ ಪತಿವ್ರತೆಯ ನೆನಪಾಯಿತು. ಅವಳು ಹೆಸರು ಹೇಳಬೇಕಲ್ಲ!

ಆಟೋ ಬಂದು ನಿಂತ ಸದ್ದು ಕೇಳಿಸಿತು. ಒಳಕೋಣೆಯ ಬಾಗಿಲ ಸಂದಿಯಲ್ಲಿ ರೇಷ್ಮೆ ಸೀರೆಯ ಅಂಚು ಕಂಡಿತು. ಸ್ಟೇಷನ್ನಿಗೂ ಮರ್ಯಾದೆಯಾಗಿ ಬಂದಿದ್ದಾಳೆ ಎಂದುಕೊಂಡರು.

"ಒಳಗಿರೋರು ನಮ್ಮ ಯಜಮಾನ್ರೇ ಸಾರ್," ಎಂದಳು ಕೃಷ್ಣವೇಣಿ.

"ಹೆಸರು ಹೇಳ್ರೆವ್ವಾ."

"ಗಂಡನ ಹೆಸರು ಹೇಗ್ ಸಾರ್ ಹೇಳೋದು?"

"ಹೋಗ್ಲಿ, ಬರದು ಕೊಡ್ರಿ."

"ನಾಲಿಗೆಗೆ ಬೇಡ ಅಂದಿದ್ದು ಕೈಗೆ ಆಗುತ್ತಾ ಸಾರ್?"

"ಹೇಳೇ, ಪರವಾಗಿಲ್ಲ," ಎಂದು ಜಯಸಿಂಹ ಒಳಗಿನಿಂದ ಕೂಗಿದರು. ಪೇದೆ ಲಾಠಿಯಿಂದ ಬಾಗಿಲು ಕುಟ್ಟಿದ.

"ನಿಮ್ಮ ಆಯುಸ್ಸಿನ ಪ್ರಶ್ನೆ ಕಣ್ರೀ. ನೀವೇ ಹೇಳಿದ್ರಲ್ಲ," ಎಂದಳು ಅವಳು ಬಾಗಿಲ ಕಡೆ ತಿರುಗಿ. ದನಿ ಬಲು ನಯವಾಗಿತ್ತು.

ಮಹಾಲಿಂಗಪ್ಪ ಧಾರವಾಡದ ಕಡೆಯವರು, ದಾರಿ ಹುಡುಕಿದರು. "ನಮ್ಮ ಕಡೆ ಹೆಣ್ಣಮಕ್ಕಳು ಒಡಪಿನಾಗ ಹೇಳತಾರ. ಸುತ್ತಿಬಳಸಿ ಹೇಳ್ರಿ, ನಾ ಹಿಡಕೊಂತೀನಿ."

ಕೃಷ್ಣವೇಣಿ ಸೆರಗು ಹೊದ್ದು ಶುರುಮಾಡಿದಳು. "ಬಾದಾಮಿ ಚಾಲುಕ್ಯರ ದೊರೆ ಸಾರ್."

"ಪುಲಿಕೇಶಿ."

"ಅಲ್ಲ. ಕಲ್ಯಾಣದಲ್ಲೂ ಆಳಿದ್ದಾರೆ."

"ವಿಕ್ರಮಾದಿತ್ಯ," ಎಂದ ಮಹಾಲಿಂಗಪ್ಪ ತಟ್ಟನೆ ಪೇದೆಯ ಕಡೆ ನೋಡಿದರು. ಎರಡೂ ಆ ಕಳ್ಳನ ಹೆಸರುಗಳೇ.

"ಅಲ್ಲ ಸಾರ್. ಶಿವಾಜೀನ ಒಪ್ಪಂದಕ್ಕೆ ಕೂರಿಸಿದ್ದು."

"ಔರಂಗಜೇಬ," ಎಂದ ಪೇದೆ.

"ಛೇ, ಅಲ್ಲ. ಜೈಪುರ ಕಟ್ಟಿದ್ರಲ್ಲ, ಅವ್ರು."

ಮಹಾಲಿಂಗಪ್ಪನವರ ತಾಳ್ಮೆ ಮುಗಿಯಿತು. "ಬಾದಾಮಿ, ಕಲ್ಯಾಣ, ಜೈಪುರ. ಎಷ್ಟ್ ಊರಾಗ ಸೈಟ್ ಮಾರ್ಯಾನ್ರಿ ಈ ಮನಶ್ಯಾ?"

ಒಳಗೆ ಜಯಸಿಂಹ ಕಣ್ಣೀರು ಒರೆಸಿಕೊಂಡರು. ಅರ್ಧ ಹತಾಶೆ, ಅರ್ಧ ಹೆಮ್ಮೆ. ಹೇಳಿಕೊಟ್ಟ ಪಾಠದಲ್ಲಿ ಅವಳು ಒಂದಕ್ಷರ ಮರೆತಿರಲಿಲ್ಲ, ಹೆಸರನ್ನು ಮಾತ್ರ ಪ್ರಾಣ ಹೋದರೂ ಎತ್ತಲೊಲ್ಲಳು.

"ಸೋಮವಾರ ಇವರ ಆಫೀಸಿನಾಗ ವಿಚಾರಸ್ತೀನಿ. ಅಲ್ಲೀ ಮಟ ಇಲ್ಲೇ ಇರಲಿ," ಎಂದರು ಮಹಾಲಿಂಗಪ್ಪ.

"ಸೋಮವಾರದ ತನಕಾನಾ ಸಾರ್?" ಅವಳ ದನಿ ನಡುಗಿತು. "ಬೆಳಿಗ್ಗೆ ಬಿಡ್ತೀರೋ, ಮಧ್ಯಾಹ್ನಾನೋ?"

"ಮಧ್ಯಾಹ್ನ ಆಗ್ತದ."

"ಆಗ್ಲಿ ಸಾರ್. ಅವರಿಗೆ ಊಟಕ್ಕೆ ಮೊಸರು ಇರ್ಲೇಬೇಕು. ಸ್ವಲ್ಪ ನೋಡ್ಕೊಳ್ಳಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು. ಪಾಪ, ಒಬ್ಬಳೇ ಆ ಖಾಲಿ ಮನೆಯಲ್ಲಿ ಹೇಗಿರುತ್ತಾಳೋ ಎಂದು ಜಯಸಿಂಹ ಮರುಗಿದರು. ಕಿಟಕಿಯ ಸರಳು ಹಿಡಿದು ಬಗ್ಗಿ ನೋಡಿದರು. ಆಟೋ ಅಲ್ಲೇ ಕಾಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅವಳ ಟ್ರಂಕು, ಪಕ್ಕದಲ್ಲಿ ಹೂವಿನ ಪೊಟ್ಟಣ. ಕೃಷ್ಣವೇಣಿ ಸೀರೆಯ ನೆರಿಗೆ ಸರಿಮಾಡಿಕೊಂಡು ಹತ್ತಿ ಕೂತಳು.

"ಹುಣಸಮಾರನಹಳ್ಳಿಗೆ ನಡಿಯಪ್ಪ, ಜಯಸಿಂಹ," ಎಂದಳು, ಕಿಟಕಿಗೆ ಕೇಳಿಸುವಷ್ಟು ಗಟ್ಟಿಯಾಗಿ.